ಎಲ್ಲರ ಎಣ್ಣೆ

ಗೇರ್‌ಬಾಕ್ಸಿನ ತಳದ ಬೋಲ್ಟು ಬಿಚ್ಚಿದಾಗ ಮೊದಲು ಬಂದದ್ದು ಎಣ್ಣೆಯಲ್ಲ, ವಾಸನೆ. ಸತ್ತುಹೋದ ನನ್ನ ಅಜ್ಜಿಯ ತಲೆಗೂದಲಿನ ವಾಸನೆ. ಮೊಸೊಯಿ ಹೂ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಅದು. ನಮ್ಮಲ್ಲಿ ಮುದುಕಿಯರು ಅದನ್ನೇ ಮೈಗೂ ತಲೆಗೂ ಹಚ್ಚಿಕೊಳ್ಳುವುದು. ವ್ಯಾನಿನ ಕೆಳಗೆ ಅಂಗಾತ ಮಲಗಿದ್ದ ನನಗೆ, ಯಾರೋ ಅಜ್ಜಿಯನ್ನು ಬಾಣಲೆಗೆ ಹಾಕಿ ಹುರಿಯುತ್ತಿದ್ದಾರೆ ಅನ್ನಿಸಿತು.

ಆಮೇಲೆ ಎಣ್ಣೆ ಬಂತು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಆರೋಗ್ಯವಾಗಿದ್ದರೆ ದಾಸವಾಳದ ಬಣ್ಣಕ್ಕಿರುತ್ತದೆ. ತೆಳ್ಳಗೆ, ಬೆರಳು ಅದ್ದಿದರೆ ಉಗುರು ಕಾಣುವ ಹಾಗೆ. ಇದು ಕೋಕೋ ಕುಡಿದಾದ ಮೇಲೆ ಲೋಟದ ತಳದಲ್ಲಿ ಉಳಿಯುವ ಗಸಿಯ ಹಾಗಿತ್ತು, ಮೇಲೆ ಬೂದುಬಣ್ಣದ ನೊರೆ. ಇಟ್ಟ ಡಬ್ಬ ತುಂಬಿತು. ಇನ್ನೊಂದು ಇಟ್ಟೆ, ಅದೂ ತುಂಬುತ್ತ ಬಂತು. ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಗಾಡಿ ಊರೆಲ್ಲ ಓಡಾಡುತ್ತಿತ್ತಲ್ಲ ಅಂದುಕೊಂಡಾಗ ವಾಕರಿಕೆ ಬಂತು. ತೆವಳಿ ಹೊರಗೆ ಬಂದು ಮೊಣಕೈವರೆಗೆ ಸೋಪಿನ ಪುಡಿ ಹಾಕಿ ತಿಕ್ಕಿದೆ. ವಾಸನೆ ಹೋಗಲಿಲ್ಲ. ಮಧ್ಯಾಹ್ನ ಅಮ್ಮ ಬಡಿಸಿದ ಕೆಸುಗೆಡ್ಡೆಯನ್ನು ಬಾಯಿಗಿಟ್ಟರೆ ಅದೂ ಅಜ್ಜಿಯ ತಲೆಯ ಹಾಗೇ ಇತ್ತು.

ವ್ಯಾನು ನಮ್ಮ ಸಭೆಯ ಪಾದ್ರಿ ಅಯ್ಯನವರದು. ಅಂದರೆ, ಚರ್ಚಿಗೆ ಬರುವ ಮನೆಗಳೆಲ್ಲ ಸೇರಿ ಅವರಿಗೆ ಕೊಡಿಸಿದ್ದು. ಜಪಾನಿನಲ್ಲಿ ಓಡಿ ಸಾಕಾಗಿ ಹಡಗು ಹತ್ತಿ ನಮ್ಮ ದ್ವೀಪದ ಏಪಿಯಾ ಬಂದರಿಗೆ ಬಂದ ಬಿಳಿ ವ್ಯಾನು. ಸ್ಟಾರ್ಟ್ ಮಾಡಿದರೆ ಈಗಲೂ ಒಬ್ಬ ಹೆಂಗಸು ಜಪಾನಿ ಭಾಷೆಯಲ್ಲಿ ಏನೋ ಎಚ್ಚರಿಕೆ ಹೇಳುತ್ತಾಳೆ. ಎಲ್ಲರ ಕಾಣಿಕೆಯಿಂದ ಬಂದದ್ದಾದ್ದರಿಂದ ಅದರ ಟೈರು, ಅದರ ಹಾರ್ನು, ಅದರ ಡ್ರೈವರು, ಎಲ್ಲದರ ಬಗ್ಗೆಯೂ ಎಲ್ಲರೂ ಮಾತಾಡಬಹುದು. ಮಾತಾಡುತ್ತಾರೆ ಕೂಡ.

ಡ್ರೈವರು ಲೌಲು ಮಾವ, ನನ್ನ ಅಮ್ಮನ ತಮ್ಮ. ಅಯ್ಯನವರ ಮನೆಯ ಹಿತ್ತಲಲ್ಲಿ ಒಂದು ಕೋಣೆ, ಅದರಲ್ಲಿ ಮಾವ ಮತ್ತು ಅವನ ಹೆಂಡತಿ ಸುಲಾಮಿ. ಸಂಬಳ ಅಂತೇನೂ ಇಲ್ಲ. ಅಯ್ಯನವರ ಸೇವೆ ಅನ್ನುವ ಗೌರವ ಇದೆ, ಭಾನುವಾರದ ಊಟದಲ್ಲಿ ಉಳಿದ ಹಂದಿಮಾಂಸ ಇದೆ, ಆ ಕೋಣೆ ಇದೆ. ಮದುವೆಯಾಗಿ ಹೆಂಡತಿಯ ಕಡೆಯವರ ಊರಿಗೆ ಹೋಗಿ, ಅಲ್ಲಿ ಅವಳ ಅಣ್ಣಂದಿರ ಆಳಿನ ಹಾಗೆ ಬಹಳ ಕಾಲ ಗೇದು, ಸಾಕಾಗಿ ವಾಪಸು ಬಂದವನಿಗೆ ಸಿಕ್ಕ ಮೊದಲ ಸ್ವಂತ ಚಿಲಕ ಆ ಕೋಣೆಯದು.

ಆ ಕೋಣೆಗೇ ಈಗ ಸಂಚಕಾರ ಬಂದಿತ್ತು.

ವ್ಯಾನನ್ನು ನನ್ನ ಗ್ಯಾರೇಜಿಗೆ ತಂದದ್ದು ಮಾವನಲ್ಲ, ಸಭೆಯ ಹಿರಿಯ ತುಯಿಫಾವು. ಮಾವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ತಾನೇ ಓಡಿಸಿಕೊಂಡು ಬಂದಿದ್ದ. ಊರಿನ ನಾಲ್ಕು ದೊಡ್ಡ ಯಜಮಾನಿಕೆಯ ಪಟ್ಟಗಳಲ್ಲಿ ಒಂದು ಅವನದು. ಇಳಿದವನೇ ಬೀಸಣಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತ, ಗೇರು ಬೀಳುವಾಗ ಕತ್ತೆ ಒದ್ದ ಹಾಗೆ ಒದೆಯುತ್ತೆ ಅಂದ. ರಿವರ್ಸಿಗೆ ಹಾಕಿದರೆ ಮೊದಲು ಏನೂ ಆಗುವುದಿಲ್ಲ, ಆಮೇಲೆ ಧಡ್ ಅನ್ನುತ್ತದೆ; ಕಳೆದ ವಾರ ಅಯ್ಯನವರ ಹೆಂಡತಿ, ನಾವೆಲ್ಲ ಅಮ್ಮನವರು ಅನ್ನುವ ಹೆಂಗಸು, ಮಡಿಲಲ್ಲಿ ಕೇಕಿನ ತಟ್ಟೆ ಇಟ್ಟುಕೊಂಡು ಕೂತಿದ್ದಾಗ ಹಾಗಾಗಿ ಕೇಕು ಗಾಜಿಗೆ ಹೋಗಿ ಅಂಟಿತಂತೆ. ಇಷ್ಟು ಹೇಳಿ ಅವನು ಕಾಯಿಲೆಯನ್ನೂ ತಾನೇ ಪತ್ತೆ ಮಾಡಿದ.

"ಡ್ರೈವಿಂಗು ಕಣಪ್ಪ ಪೆಸಾಮಿನೊ. ತೋಟದಿಂದ ಕೆಸುಗೆಡ್ಡೆ ಮೂಟೆ ಹೇರ್ಕೊಂಡು ಗುಡ್ಡ ಹತ್ತಿಸ್ತಾನೆ ಇವನು. ನೀನೂ ಬಿಚ್ಚಿ ನೋಡು, ಭಾನುವಾರ ಊಟ ಆದ್ಮೇಲೆ ಸಭೆ ಮುಂದೆ ಬಂದು ಅಷ್ಟು ಹೇಳ್ಬಿಡು. ಬಾಕಿದು ನಾವು ನೋಡ್ಕೋತೀವಿ."

ಮಾವ ಅಲ್ಲೇ ನಿಂತಿದ್ದ. ತನ್ನ ಬಗ್ಗೆಯಲ್ಲ, ಬೇರೆ ಯಾರೋ ಊರಿನವನ ಬಗ್ಗೆ ಹೇಳುತ್ತಿದ್ದಾರೆ ಅನ್ನುವ ಹಾಗೆ ನೆಲ ನೋಡುತ್ತಿದ್ದ. ಬಾಕಿಯದು ಏನು ಅನ್ನುವುದು ನಮ್ಮೂರಿನಲ್ಲಿ ಹಂದಿಮರಿಗೂ ಗೊತ್ತಿತ್ತು. ತುಯಿಫಾವುವಿನ ಚಿಕ್ಕ ಮಗಳಿಗೆ ಮದುವೆಯಾಗಿತ್ತು, ಮಗುವಾಗಿತ್ತು, ಅಳಿಯ ಮಾಸೊಯೆ ಹೆಂಡತಿಯ ಅಪ್ಪನ ಮನೆಯಲ್ಲೇ ತಂಗಿದ್ದ. ಅಳಿಯನಿಗೆ ಒಂದು ಗೌರವದ ಕೆಲಸವೂ ಒಂದು ಕೋಣೆಯೂ ಬೇಕಾಗಿತ್ತು.

ನಾನು ಮೊದಲು ಮಾವನನ್ನೇ ಕೂರಿಸಿ ವೈತೆಲೆ ರಸ್ತೆಯಲ್ಲಿ ಓಡಿಸಿ ನೋಡಿದೆ. ಗೇರ್‌ಬಾಕ್ಸು ಬಿಚ್ಚುವ ಮೊದಲು ಓಡಿಸುವವನನ್ನು ನೋಡಬೇಕು. ಮಾವ ಬ್ರೇಕನ್ನು ಮುಟ್ಟುವುದು ಮಲಗಿದ ಮಗುವಿನ ಕೆನ್ನೆ ಮುಟ್ಟಿದ ಹಾಗೆ. ಒಂದರಿಂದ ಎರಡಕ್ಕೆ ಹೋಗುವಾಗ ಎಂಜಿನ್ನು ಸುಮ್ಮನೆ ಅರಚಿತು, ಗಾಡಿ ಮುಂದೆ ಹೋಗಲಿಲ್ಲ, ಆಮೇಲೆ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಎರಡನೇ ಗೇರು ಬಿತ್ತು. ಎರಡರಿಂದ ಮೂರಕ್ಕೂ ಅದೇ. ಪ್ರತಿ ಗುದ್ದಿಗೂ ಮಾವ ಮೆತ್ತಗೆ, ಕ್ಷಮಿಸಪ್ಪಾ, ಅನ್ನುತ್ತಿದ್ದ. ಯಾರಿಗೆ ಅನ್ನುತ್ತಿದ್ದಾನೋ, ನನಗೋ ಗಾಡಿಗೋ, ತಿಳಿಯಲಿಲ್ಲ. ಆ ಕ್ಷಮೆಗಳನ್ನು ಕೇಳಿ ಕೇಳಿ ನನಗೆ ಗಾಡಿಗಿಂತ ಅವನ ಮೇಲೇ ಸಿಟ್ಟು ಬಂತು.

ವಾಪಸು ಬಂದು ಎಂಜಿನ್ನು ಕೂರುವ ರಬ್ಬರುಗಳನ್ನು ನೋಡಿದೆ, ಹರಿದಿರಲಿಲ್ಲ. ಸ್ಕ್ಯಾನರ್ ಹಾಕಿದೆ; ಗೇರುಗಳು ಜಾರುತ್ತಿವೆ, ಎಣ್ಣೆಯ ಒತ್ತಡ ನಿಲ್ಲುತ್ತಿಲ್ಲ ಅಂತು. ಎಂಜಿನ್ನು ಬಿಸಿಯಾಗಿ ಓಡುತ್ತಿರುವಾಗಲೇ ಎಣ್ಣೆ ಅಳೆಯುವ ಕಡ್ಡಿ ಎಳೆದರೆ ಗುರುತಿನ ಬಳಿ ನಿಲ್ಲಬೇಕಾದ ಎಣ್ಣೆ ಗೇಣು ಮೇಲಕ್ಕೆ ಹತ್ತಿತ್ತು, ಕಡ್ಡಿಯ ತುಂಬ ಗುಳ್ಳೆ. ಕಡಿಮೆಯಾದರೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಹೆಚ್ಚಾದರೂ ಕೆಡುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಹೆಚ್ಚಾದ ಎಣ್ಣೆಯನ್ನು ಒಳಗಿನ ಚಕ್ರಗಳು ಕಡೆದು ನೊರೆ ಮಾಡುತ್ತವೆ. ನೊರೆಗೆ ಏನನ್ನೂ ತಳ್ಳುವ ಶಕ್ತಿ ಇಲ್ಲ. ಹಾಗಾಗಿ ಗೇರು ಜಾರುತ್ತದೆ, ಜಾರಿ ಕಾಯುತ್ತದೆ, ಕಾದು ಸುಡುತ್ತದೆ.

ತಳದ ತಟ್ಟೆ ಬಿಚ್ಚಿದೆ. ಚೂರುಗಳನ್ನು ಹಿಡಿಯಲಿಕ್ಕೆ ಅದರಲ್ಲಿ ಪುಟ್ಟ ಅಯಸ್ಕಾಂತಗಳಿರುತ್ತವೆ. ಅವು ಒದ್ದೆ ಇಲಿಗಳ ಹಾಗೆ ಕಪ್ಪು ತುಪ್ಪಳ ಬೆಳೆಸಿಕೊಂಡಿದ್ದವು. ಫಿಲ್ಟರಿನ ಮೇಲೆ ಅಂಟು, ಎಳೆದರೆ ಮೂಗಿನ ಸಿಂಬಳದ ಹಾಗೆ ನೂಲು ಬರುವಂಥದ್ದು. ಅದು ಮರ ಕೊಯ್ಯುವ ಗರಗಸದ ಸರಪಳಿಗೆ ಹಾಕುವ ಎಣ್ಣೆ. ತಟ್ಟೆಯ ಮೂಲೆಯಲ್ಲಿ ಹಸಿರು ಛಾಯೆ: ದೋಣಿ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಬೆರೆಸುವ ಎಣ್ಣೆ. ರಬ್ಬರಿನ ಸೀಲುಗಳು ಊದಿಕೊಂಡು, ನೀರಲ್ಲಿ ಬಿದ್ದ ಹೆಣದ ತುಟಿಗಳ ಹಾಗಾಗಿದ್ದವು. ಅದು ಬ್ರೇಕ್ ಆಯಿಲ್ ಕೆಲಸ, ಬೇರೆ ಯಾವುದರಿಂದಲೂ ಹಾಗಾಗದು. ಎಲ್ಲಕ್ಕೂ ಮೇಲೆ, ಎಲ್ಲವನ್ನೂ ಅಪ್ಪಿಕೊಂಡು, ಅಜ್ಜಿಯ ಕೊಬ್ಬರಿ ಎಣ್ಣೆ.

ಯಾರು ಸುರಿದದ್ದು ಇದನ್ನೆಲ್ಲ, ಅಂತ ಮಾವನನ್ನು ಕೇಳಿದೆ. ಅವನು ಹಳೆಯ ಟೈರಿನ ಮೇಲೆ ಕೂತು ಸೊಂಟಕ್ಕೆ ಸುತ್ತಿದ್ದ ಲಾವಾಲಾವಾದ ಅಂಚನ್ನು ಮಡಿಸುತ್ತ ಬಿಚ್ಚುತ್ತ ಇದ್ದ. ಆಮೇಲೆ ಹೇಳಿದ್ದನ್ನು ಕೇಳಿ ನಾನು ಪಾನಾ ಕೆಳಗಿಟ್ಟೆ.

ಕೆಲವು ತಿಂಗಳ ಹಿಂದೆ ಗೇರು ಸ್ವಲ್ಪ ತಡವರಿಸಲು ಶುರುವಾಗಿತ್ತಂತೆ. ಬಹುಶಃ ಒಂದು ಲೋಟದಷ್ಟು ಸರಿಯಾದ ಎಣ್ಣೆ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಅಯ್ಯನವರು ಒಂದು ಭಾನುವಾರ ಪ್ರಸಂಗದ ಮಧ್ಯೆ, ನನ್ನ ವ್ಯಾನು ಕೂಡ ನನ್ನ ಹಾಗೇ ಮುದಿಯಾಗಿದೆ, ಅದರ ಕೀಲುಗಳಿಗೂ ಎಣ್ಣೆ ಬೇಕು, ಅಂತ ತಮಾಷೆ ಮಾಡಿದರು. ಜನ ನಕ್ಕರು. ಮುಂದಿನ ಭಾನುವಾರ ಒಂದೊಂದು ಮನೆಯಿಂದ ಒಂದೊಂದು ಸೀಸೆ ಬಂತು. ಕಾಣಿಕೆ ಬಂದಾಗ ಮಾಡುವ ಹಾಗೆ ಹಿರಿಯರು ಎದ್ದು ನಿಂತು, ಇಂಥ ಮನೆಯಿಂದ ಒಂದು ಸೀಸೆ ಎಣ್ಣೆ, ಇಂಥ ಮನೆಯಿಂದ ದೊಡ್ಡ ಡಬ್ಬ ಎಣ್ಣೆ, ಅಂತ ಕೂಗಿ ಹೇಳಿದರು. ಎಂಥ ಎಣ್ಣೆ ಅಂತ ಯಾರು ಕೇಳುತ್ತಾರೆ? ಸೀಸೆಯ ಎತ್ತರ ನೋಡುತ್ತಾರೆ. ಆಸೊಲುಪೆ ಅಂತ ಒಬ್ಬ ವಿಧವೆ ಮುದುಕಿ, ಅಂಗಡಿಯಲ್ಲಿ ಕೊಳ್ಳಲು ಆಗದೆ, ತಾನೇ ಹಿಂಡಿ ಹೂ ಹಾಕಿ ಕಾಯಿಸಿದ್ದನ್ನು ತಂದು ಇಟ್ಟಳು. ಅದಕ್ಕೂ ಚಪ್ಪಾಳೆ.

ಸೀಸೆಗಳನ್ನೆಲ್ಲ ವ್ಯಾನು ನಿಲ್ಲಿಸುವ ಮಾಡಿನ ಹಲಗೆಯ ಮೇಲೆ ಜೋಡಿಸಿಟ್ಟರು. ಅಲ್ಲಿ ಬಂದುಹೋಗುವವರು ತಮ್ಮ ತಮ್ಮ ಸೀಸೆಯನ್ನು ಓರೆಗಣ್ಣಲ್ಲಿ ನೋಡುವುದು. ನಮ್ಮದು ಇನ್ನೂ ತುಂಬಿದೆ, ಅವರದು ಅರ್ಧ ಆಗಿದೆ, ಅಂತ ಮಾತು ಹುಟ್ಟಿತು. ಒಬ್ಬಳು ಹೆಂಗಸು ನೊಂದುಕೊಂಡು ಪ್ರಾರ್ಥನೆಗೆ ಬರುವುದನ್ನೇ ಬಿಟ್ಟಳು. ಆಗ ಅಮ್ಮನವರು ಮಾವನನ್ನು ಕರೆದು, ಲೌಲು, ಯಾರ ಮನಸ್ಸೂ ನೋಯಬಾರದು, ಎಲ್ಲರದರಿಂದಲೂ ಸಮಸಮ ಹಾಕು, ಅಂದರು. ಮಾವ ಪ್ರತಿ ಶನಿವಾರ ಒಂದು ಚಹಾ ಲೋಟ ಹಿಡಿದು, ಒಂದೊಂದು ಸೀಸೆಯಿಂದಲೂ ಅಳೆದು, ಕಡ್ಡಿ ಹೋಗುವ ಕೊಳವೆಗೆ ಲಾಳಿಕೆ ಇಟ್ಟು, ಸುರಿದ. ಹಾಕಿದಷ್ಟೂ ಗಾಡಿ ಕೆಟ್ಟಿತು. ಕೆಟ್ಟಷ್ಟೂ ಇನ್ನಷ್ಟು ಎಣ್ಣೆ ಬಂತು.

"ನಿನಗೆ ಗೊತ್ತಾಗ್ಲಿಲ್ವಾ ಮಾವ? ತಲೆಗೆ ಹಚ್ಚೋ ಎಣ್ಣೆ ಅದು."

"ಗೊತ್ತಾಗ್ದೆ ಏನು. ವಾಸ್ನೆ ಬರಲ್ವಾ."

"ಮತ್ತೆ?"

"ಅವಳು ದಿನಾ ಬೆಳಗ್ಗೆ ಬಂದು ನೋಡೋಳು ಕಣೋ. ಸೀಸೆ ಇಳಿದಿದ್ರೆ ಅವಳ ಮುಖ ನೋಡ್ಬೇಕಿತ್ತು ನೀನು."

ಹಾಗಾದರೆ ಭಾನುವಾರ ಇದನ್ನೇ ಹೇಳುತ್ತೇನೆ ಅಂದೆ. ಬೇಡ ಅಂದ ಮಾವ. ನಾನೇ ಕೆಟ್ಟದಾಗಿ ಓಡಿಸಿದೆ ಅಂತ ಹೇಳಿಬಿಡು, ಒಂದು ಕೋಣೆ ತಾನೆ, ಊರವರ ತಲೆ ತಗ್ಗಿಸುವುದು ಬೇಡ, ಅಂದ. ಆ ಒಳ್ಳೆಯತನ ನನಗೆ ಫಿಲ್ಟರಿನ ಮೇಲಿದ್ದ ಅಂಟಿಗಿಂತ ಅಸಹ್ಯವಾಗಿ ಕಂಡಿತು. ಸುಲಾಮಿ ಅತ್ತೆ ಏನಂತಾಳೆ ಅಂತ ಕೇಳಿದೆ. ಅವಳು ಈಗಾಗಲೇ ಪಾತ್ರೆಗಳನ್ನು ಚಾಪೆಯಲ್ಲಿ ಸುತ್ತಿಟ್ಟಿದ್ದಾಳೆ ಅಂದ. ವಾಪಸು ಅಣ್ಣಂದಿರ ಮನೆಗೇ ಹೋಗಬೇಕಲ್ಲ ಅಂತ ಗೋಡೆ ಕಡೆ ತಿರುಗಿ ಮಲಗುತ್ತಾಳಂತೆ. ಇದನ್ನು ಹೇಳುವಾಗ ಮಾತ್ರ ಅವನ ಬೆರಳು ಲಾವಾಲಾವಾದ ಅಂಚನ್ನು ಬಿಟ್ಟಿತು.

ಬ್ರೇಕ್ ಆಯಿಲ್ ಯಾರ ಮನೆಯದು ಅಂತ ನಾನು ಕೇಳಬಾರದಿತ್ತು.

"ನಿಮ್ಮಮ್ಮಂದು," ಅಂದ ಮಾವ. "ಕೆಂಪು ಡಬ್ಬ. ಎಲ್ಲರ್ಗಿಂತ ದೊಡ್ದು. ನಿನ್ನ ಅಂಗಡಿ ಹಲಗೆ ಮೇಲಿಂದಾನೇ ತಗೊಂಡಿದ್ಲಂತೆ."

ಸಂಜೆ ಮನೆಗೆ ಹೋಗಿ ಕೇಳಿದರೆ ಅಮ್ಮ ಜೀಗುಜ್ಜೆ ಸುಲಿಯುವುದನ್ನು ನಿಲ್ಲಿಸಲೇ ಇಲ್ಲ. ಹೌದು, ತಗೊಂಡೆ, ಏನೀಗ, ಮೆಕ್ಯಾನಿಕ್ಕಿನ ತಾಯಿ ಚಿಲ್ಲರೆ ಸೀಸೆ ಹಿಡ್ಕೊಂಡು ಹೋಗೋಕಾಗುತ್ತಾ, ಅಂದಳು. ಅದು ಗೇರ್‌ಬಾಕ್ಸಿನ ರಬ್ಬರನ್ನೆಲ್ಲ ಕೊಳೆಸಿದೆ ಅಂದೆ. ಎಣ್ಣೆ ಅಂದ್ರೆ ಎಣ್ಣೆ ಅಂದಳು. ತಮ್ಮನ ಕೋಣೆ ಹೋಗುತ್ತಿದೆಯಲ್ಲ ಅಂದಾಗ ಕತ್ತಿ ಒಂದು ಕ್ಷಣ ನಿಂತಿತು. ಅವನು ಬಾಯಿ ಬಿಟ್ಟು ಮಾತಾಡೋದು ಯಾವಾಗ ಕಲಿತಾನೋ, ಅಂದು ಮತ್ತೆ ಸುಲಿಯತೊಡಗಿದಳು.

ಉಳಿದ ವಾರವೆಲ್ಲ ನಾನು ಆ ಹೊಲಸಿನಲ್ಲೇ ಇದ್ದೆ. ಗೇರುಗಳಿಗೆ ಎಣ್ಣೆ ಹಂಚುವ ಭಾಗ, ವಾಲ್ವ್ ಬಾಡಿ ಅನ್ನುತ್ತೇವೆ, ಅದನ್ನು ಇಳಿಸಿ ಬಿಚ್ಚಿದೆ. ಅದರ ಒಳಗೆ ಗೆದ್ದಲು ತಿಂದ ಮರದ ಹಾಗೆ ಸಣ್ಣ ಸಣ್ಣ ಕಾಲುವೆಗಳಿರುತ್ತವೆ. ಒಂದೊಂದರಲ್ಲೂ ಸುಟ್ಟ ಕೊಬ್ಬರಿ ಎಣ್ಣೆ ಮೆರುಗೆಣ್ಣೆಯ ಹಾಗೆ ಅಂಟಿ ಕೂತಿತ್ತು. ಹಲ್ಲುಜ್ಜುವ ಬ್ರಷ್ಷಿನಿಂದ, ತಂತಿಯಿಂದ, ಉಗುರಿನಿಂದ ಕೆರೆದೆ. ಸಿಕ್ಕಿಕೊಂಡಿದ್ದ ವಾಲ್ವುಗಳು ಒಂದೊಂದೂ ತಾವಾಗಿ ಜಾರಿ ಬೀಳುವವರೆಗೆ ತೊಳೆದೆ. ಊದಿದ ಸೀಲುಗಳಲ್ಲಿ ಕೈಗೆ ಎಟಕಿದಷ್ಟನ್ನು ಕಿತ್ತು ಹೊಸದು ಹಾಕಿದೆ. ಕರೆಂಟಿನಿಂದ ತೆರೆದುಮುಚ್ಚುವ ಎರಡು ವಾಲ್ವುಗಳು ಸತ್ತೇ ಹೋಗಿದ್ದವು. ಹಿತ್ತಲಲ್ಲಿ ಬಿದ್ದಿದ್ದ ಇನ್ನೊಂದು ವ್ಯಾನಿನ ಹೊಟ್ಟೆಯಿಂದ ತೆಗೆದು ಕೂರಿಸಿದೆ. ಹೊಸ ಫಿಲ್ಟರು, ತೊಳೆದ ಅಯಸ್ಕಾಂತ. ಸರಿಯಾದ ಎಣ್ಣೆ ಹಾಕಿ, ಓಡಿಸಿ, ಇಳಿಸಿದೆ, ಕಂದುಬಣ್ಣ. ಮತ್ತೆ ಹಾಕಿ, ಓಡಿಸಿ, ಇಳಿಸಿದೆ; ಸ್ವಲ್ಪ ತಿಳಿ. ಕೆಂಪು ಕೆಂಪಾಗಿಯೇ ಹೊರಗೆ ಬರುವವರೆಗೆ ಹಾಗೇ ಮಾಡಿದೆ. ಆಮೇಲೆ ಬಿಸಿಯಲ್ಲಿ ಮಟ್ಟ ನೋಡಿ, ಗೇರಿನ ಹಿಡಿಯನ್ನು ಎಲ್ಲ ಸ್ಥಾನಗಳಿಗೂ ಓಡಾಡಿಸಿ, ಕಂಪ್ಯೂಟರಿನ ಹಳೆಯ ನೆನಪನ್ನು ಅಳಿಸಿ, ಅದು ಹೊಸದಾಗಿ ಕಲಿಯಲಿ ಅಂತ ಸಮುದ್ರದ ಬದಿಯ ರಸ್ತೆಯಲ್ಲಿ ಮೆಲ್ಲಗೆ ಓಡಿಸಿದೆ.

ಗೇರು ಬಿದ್ದದ್ದು ತಿಳಿಯಲೇ ಇಲ್ಲ. ಬೇರೆ ಯಾರದ್ದಾದರೂ ಗಾಡಿಯಾಗಿದ್ದರೆ ನಾನು ಖುಷಿಯಿಂದ ಹಾಡುತ್ತಿದ್ದೆ. ನನ್ನ ಉಗುರುಗಳಲ್ಲಿ ಮೊಸೊಯಿ ಹೂವಿನ ವಾಸನೆ ಇತ್ತು.

ಶನಿವಾರ ಮಾವ ವ್ಯಾನು ಒಯ್ಯಲು ಬಂದ. ಅವನೊಬ್ಬನಿಗೇ ನಾನು ಉಳಿದದ್ದನ್ನೂ ಹೇಳಿದೆ. ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟಿವೆ. ತಟ್ಟೆಯಲ್ಲಿ ಸಿಕ್ಕ ಕಪ್ಪು ಮಣ್ಣು ಅವುಗಳದೇ ಚರ್ಮ. ಅದನ್ನು ಬದಲಾಯಿಸಬೇಕೆಂದರೆ ಗೇರ್‌ಬಾಕ್ಸು ಪೂರ್ತಿ ಇಳಿಸಬೇಕು, ಸಾಮಾನು ಆಕ್ಲೆಂಡಿನಿಂದ ಹಡಗಿನಲ್ಲಿ ಬರಬೇಕು, ಆ ಖರ್ಚಿಗೆ ಯಾರೂ ಒಪ್ಪುವುದಿಲ್ಲ. ಈಗ ಬೆಣ್ಣೆಯ ಹಾಗೆ ಓಡುತ್ತದೆ. ಒಂದು ದಿನ ಗುಡ್ಡದ ಮೇಲೆ ನಿಂತುಬಿಡುತ್ತದೆ.

"ಎಷ್ಟು ದಿನ?"

"ಕ್ರಿಸ್ಮಸ್ ತನಕ ಬಂದ್ರೆ ಹೆಚ್ಚು ಮಾವ."

ಅವನು ಸೀಟಿನಲ್ಲಿ ಕೂತು ಹಿಡಿಯನ್ನು ಹಿಂದಕ್ಕೆ ಮುಂದಕ್ಕೆ ಎಳೆದು ನೋಡಿದ. ಧಡ್ ಅನ್ನಲಿಲ್ಲ. ಮತ್ತೆ ಎಳೆದ.

"ಪ್ಲೇಟಿನ ವಿಷಯ ಇನ್ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ."

"ಹೇಳ್ಬೇಡ."

ನಾನು ಒಪ್ಪಿದೆ. ಅದೂ ತನ್ನ ತಲೆಗೇ ಬರುತ್ತದೆ ಅಂತ ಹೆದರಿ ಹೇಳುತ್ತಿದ್ದಾನೆ, ಪಾಪ, ಅಂದುಕೊಂಡೆ.

ಭಾನುವಾರ ಆರಾಧನೆ ಮುಗಿಯಿತು. ಅಯ್ಯನವರ ಮನೆಯ ಊಟವೂ ಮುಗಿಯಿತು. ಬಿಸಿಗಲ್ಲಿನ ಒಲೆಯಲ್ಲಿ ಬೆಂದ ಹಂದಿ, ಕೊಬ್ಬರಿ ಹಾಲಿನಲ್ಲಿ ಬೆಂದ ಕೆಸುವಿನ ಎಲೆ. ಎಲ್ಲರ ತುಟಿಯೂ ಮಿರಿಮಿರಿ ಅನ್ನುತ್ತಿತ್ತು. ನಾನು ಏನನ್ನೂ ಮುಟ್ಟಲಿಲ್ಲ; ಕೊಬ್ಬರಿ ಹಾಲಿನ ಎದುರಿಗೆ ಕೂರುವುದೇ ಕಷ್ಟವಾಗಿತ್ತು. ಆಮೇಲೆ ಸಭಾಮನೆಯಲ್ಲಿ ಹಿರಿಯರು ತಮ್ಮ ತಮ್ಮ ಕಂಬಕ್ಕೆ ಬೆನ್ನು ಕೊಟ್ಟು ಕೂತರು, ಹೆಂಗಸರು ಹಿಂದೆ, ನನ್ನಂಥ ಪಟ್ಟವಿಲ್ಲದವರು ಅಂಚಿನಲ್ಲಿ. ಮಾವ ಎಲ್ಲರಿಗಿಂತ ಹಿಂದೆ ಕೂತಿದ್ದ. ಹೊರಗೆ ತೊಳೆದು ನಿಲ್ಲಿಸಿದ್ದ ವ್ಯಾನು ಹಲ್ಲಿನ ಹಾಗೆ ಹೊಳೆಯುತ್ತಿತ್ತು.

ತುಯಿಫಾವು ಬಹಳ ದೂರದಿಂದ ಶುರು ಮಾಡಿದ. ದೇವರಿಗೆ ಸ್ತೋತ್ರ, ಅಯ್ಯನವರಿಗೆ, ಊರಿನ ಪಟ್ಟಗಳಿಗೆಲ್ಲ ಒಂದೊಂದಾಗಿ ವಂದನೆ. ಆ ಹಳೆಯ ಚೆಂದದ ಮಾತುಗಳ ಮೇಲೆ ಒಬ್ಬ ಮನುಷ್ಯನನ್ನು ಹೊರಗೆ ಹಾಕುವ ಮಾತು ಜಾರಿಕೊಂಡು ಬರುವುದನ್ನು ನಾನು ನೋಡುತ್ತಿದ್ದೆ. ಕೊನೆಗೆ ನನ್ನ ಕಡೆ ತಿರುಗಿ, ಗಾಡಿ ಯಾಕೆ ಕೆಟ್ಟಿತು ಅಂತ ಮೆಕ್ಯಾನಿಕ್ಕು ಹೇಳಲಿ ಅಂದ.

ಎಣ್ಣೆಯಿಂದ, ಅಂದೆ. ಓಡಿಸಿದ್ದರಲ್ಲಿ ತಪ್ಪಿಲ್ಲ, ಹಾಕಬಾರದ ಎಣ್ಣೆ ಹಾಕಿದ್ದರಿಂದ.

ಬೀಸಣಿಗೆಗಳು ನಿಂತವು. ತುಯಿಫಾವುವಿನ ಮುಖ ಒಂದು ಕ್ಷಣ ಖಾಲಿಯಾಯಿತು. ಆದರೆ ಅವನು ಸಭೆಗಳಲ್ಲೇ ಬೆಳೆದವನು.

"ಯಾರ ಎಣ್ಣೆ?" ಅಂದ.

ಯಾರೂ ಯಾರನ್ನೂ ನೋಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಆಸೊಲುಪೆಯ ಕಡೆ ನೋಡಿದರು. ಯಾರು ಮೊದಲು ತಿರುಗಿದರೋ ಗೊತ್ತಿಲ್ಲ. ಕೋಳಿಗಳು ತಿರುಗುವ ಹಾಗೆ ತಿರುಗಿದರು. ಗಾಡಿಗೂ ತಲೆ ಸ್ನಾನ ಮಾಡಿಸಿದ್ಲಪ್ಪ ನಮ್ಮಜ್ಜಿ, ಅಂದ ಒಬ್ಬ. ನಗು ಎದ್ದಿತು. ಬಾಚಣಿಗೇನೂ ಕೊಟ್ಟಿದ್ದಳಾ ಅಂತ ಕೇಳು, ಅಂದಳು ಹಿಂದಿನಿಂದ ಒಬ್ಬಳು. ಮುದುಕಿ ತಾನೂ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು. ಅಯ್ಯನವರು ಕೂಡ ಮುಗುಳ್ನಕ್ಕರು. ಅವರ ತುಟಿಯ ಮೇಲೆ ಇನ್ನೂ ಹಂದಿಯ ಜಿಡ್ಡು ಇತ್ತು. ಇಡೀ ಊರು ಒಂದು ಮುದುಕಿಯ ಮೇಲೆ ಕೈ ಒರೆಸಿಕೊಂಡು ಚೊಕ್ಕವಾಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಮಾವನ ಕೋಣೆ ಉಳಿಯುತ್ತಿತ್ತು, ಸುಮ್ಮನೆ ಉಳಿಯುತ್ತಿತ್ತು.

ಕೊಬ್ಬರಿ ಎಣ್ಣೆ ಅಷ್ಟೇನೂ ಕೆಡಿಸಲಿಲ್ಲ ಅಂದೆ. ಎಲ್ಲರ ಎಣ್ಣೆಯೂ ಸೇರಿ ಕೆಡಿಸಿದ್ದು. ಅದರಲ್ಲೂ ಹೆಚ್ಚು ಕೆಡಿಸಿದ್ದು ಕೆಂಪು ಡಬ್ಬದ್ದು, ಬ್ರೇಕಿನ ಎಣ್ಣೆ, ಅದು ನನ್ನ ಅಮ್ಮ ಕೊಟ್ಟದ್ದು, ನನ್ನ ಅಂಗಡಿಯದು.

ಈಗ ತಲೆಗಳು ತಗ್ಗುತ್ತವೆ ಅಂದುಕೊಂಡಿದ್ದೆ. ಅಮ್ಮ ಎದ್ದು ನಿಂತಳು.

"ಹೌದು, ನಂದೇ. ಆ ಹಲಗೆ ಮೇಲಿದ್ದದ್ರಲ್ಲೆಲ್ಲ ತುಟ್ಟಿ ಎಣ್ಣೆ ಅದು. ನೀವೇನು ತಂದಿದ್ರಿ? ಗರಗಸದ ಎಣ್ಣೆ. ಮರಕ್ಕೆ ಹಾಕೋದನ್ನ ಅಯ್ಯನವರ ಗಾಡಿಗೆ ತಂದೋರು ನನ್ನ ಹೆಸರು ಹೇಳ್ಬೇಡಿ."

ಗರಗಸದವರು ಎದ್ದರು. ತಮ್ಮದು ಆಸ್ಟ್ರೇಲಿಯಾದ ಎಣ್ಣೆ, ಮಗ ಬ್ರಿಸ್ಬೇನಿನಿಂದ ಕಳಿಸಿದ್ದು, ಅಂದರು. ದೋಣಿಯವರು, ನಮ್ಮದು ಒಡೆಯದ ಹೊಸ ಸೀಸೆ, ಬೇರೆಯವರ ಹಾಗೆ ಅರ್ಧ ಬಳಸಿದ್ದಲ್ಲ, ಅಂದರು. ಯಾರದ್ದು ಎಷ್ಟು ದೊಡ್ಡದಿತ್ತು, ಯಾರದ್ದು ಎಲ್ಲಿಂದ ಬಂದದ್ದು, ಯಾರ ಹೆಸರನ್ನು ಹಿರಿಯರು ಎಷ್ಟು ಗಟ್ಟಿಯಾಗಿ ಕೂಗಿದರು. ಗಾಡಿ ಹಾಳಾದದ್ದು ಒಂದು ಕಾಣಿಕೆಯಾಗಿ, ಅದರಲ್ಲಿ ತಮ್ಮ ಪಾಲು ಹೆಚ್ಚು ಅಂತ ಜನ ಜಗಳವಾಡುತ್ತಿದ್ದರು. ನಾಚಿಕೆ ಎಲ್ಲೂ ಇರಲಿಲ್ಲ. ವಾರವಿಡೀ ನಾನು ಯಾರಿಗೆ ನೋವಾಗುತ್ತದೋ ಅಂತ ಹೆದರಿದ್ದೆನೋ ಅವರು ಇವರು.

ಆಗ ಲೌಲು ಮಾವ ಹಿಂದಿನಿಂದ ಎದ್ದ. ಎದ್ದವನು ನಿಲ್ಲಲಿಲ್ಲ, ಬಗ್ಗಿಕೊಂಡು, ದಾರಿಯುದ್ದಕ್ಕೂ ತುಲೋ ತುಲೋ ಅಂತ ಕ್ಷಮೆ ಕೇಳುತ್ತ, ಎಲ್ಲರ ಮುಂದೆ ನಡುವಿಗೆ ಬಂದು ತಲೆ ತಗ್ಗಿಸಿ ಕೂತ. ಗದ್ದಲ ನಿಂತಿತು. ಅವನು ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಕೊಟ್ಟವರದು ತಪ್ಪಲ್ಲ ಅಂದ. ಪ್ರೀತಿಯಿಂದ ಬಂದ ಎಣ್ಣೆ. ಸುರಿದ ಕೈ ನನ್ನದು. ಅಜ್ಜಿಯ ಹೆಸರೂ ಬೇಡ, ಅಕ್ಕನ ಹೆಸರೂ ಬೇಡ. ಧ್ವನಿ ಮೆತ್ತಗಿತ್ತು, ಕೊನೆಯ ಕಂಬದವರೆಗೂ ಕೇಳಿಸುತ್ತಿತ್ತು. ತನಗೆ ವಯಸ್ಸಾಯಿತು, ಸಂಜೆ ಹೊತ್ತು ಕಣ್ಣು ಮಂಜು, ಅಯ್ಯನವರ ಜೀವ ತನ್ನ ಕೈಯಲ್ಲಿರುವುದು ಸರಿಯಲ್ಲ ಅಂದ. ಆಮೇಲೆ ತುಯಿಫಾವುವಿನ ಕಡೆ ತಿರುಗಿ ಇನ್ನೂ ಬಗ್ಗಿ, ಆ ಪಟ್ಟದ ಪೂರ್ತಿ ಹೆಸರು ಹೇಳಿ ವಂದಿಸಿ, ನಿಮ್ಮ ಮನೆಯ ಅಳಿಯ ಮಾಸೊಯೆ ಗಟ್ಟಿಮುಟ್ಟಾದ ಹುಡುಗ, ಈ ವ್ಯಾನಿನ ಬೀಗದ ಕೈಯನ್ನು ಅವನು ತೆಗೆದುಕೊಂಡರೆ ನನ್ನ ಸೇವೆಗೆ ಅರ್ಥ ಬರುತ್ತದೆ, ಅಂದ. ತನಗೇನೂ ಬೇಡ. ಅಯ್ಯನವರ ಅಂಗಳ ಗುಡಿಸಿಕೊಂಡು, ಹೂಗಿಡಕ್ಕೆ ನೀರು ಹಾಕಿಕೊಂಡು ಇರಲು ಬಿಟ್ಟರೆ ಸಾಕು.

ಹೆಂಗಸರು ಅಳತೊಡಗಿದರು. ಅಮ್ಮನವರು ಕಣ್ಣೊರೆಸಿಕೊಂಡು ಅಯ್ಯನವರ ಕಿವಿಯಲ್ಲಿ ಏನೋ ಹೇಳಿದರು. ಅಯ್ಯನವರು ಎದ್ದು, ಲೌಲು ಮತ್ತು ಸುಲಾಮಿ ಬದುಕಿರುವವರೆಗೆ ಆ ಕೋಣೆ ಅವರದು, ಯಾರೂ ಮುಟ್ಟಬಾರದು, ಅಂತ ಎಲ್ಲರೆದುರು ಹೇಳಿದರು. ಅಳಿಯನಿಗೆ ಬೇರೆ ಕೋಣೆ ಕಟ್ಟಿಸುವ ಮಾತೂ ಬಂತು. ತುಯಿಫಾವು ಎದೆಯ ಮೇಲೆ ಕೈಯಿಟ್ಟುಕೊಂಡಿದ್ದ. ತಾನು ಕಿತ್ತುಕೊಳ್ಳಲು ಬಂದದ್ದನ್ನು ತಟ್ಟೆಯಲ್ಲಿಟ್ಟು ಕೊಟ್ಟಾಗ ಬೇಡ ಅನ್ನಲು ಅವನಿಗೆ ಬಾಯಿ ಬರುವ ಹಾಗಿರಲಿಲ್ಲ. ಬರಲಿ ಅಂತ ಅವನಿಗೆ ಅನ್ನಿಸಲೂ ಇಲ್ಲ. ಅವನು ನಿಜಕ್ಕೂ ಹಿಗ್ಗಿದ್ದ.

ಮಾವ ಬೀಗದ ಕೈಯನ್ನು ಎರಡೂ ಅಂಗೈಯಲ್ಲಿಟ್ಟು ಮುಂದೆ ಹಿಡಿದ. ಆಗ ಒಂದೇ ಸಲ, ಬಗ್ಗಿದ ತಲೆಯ ಕೆಳಗಿನಿಂದ, ನನ್ನನ್ನು ನೋಡಿದ. ಕಣ್ಣು ಒಂದಿಷ್ಟೂ ಮಂಜಾಗಿರಲಿಲ್ಲ.

ಹೇಳಬೇಡ ಅಂದದ್ದು ಯಾಕೆ ಅಂತ ನನಗೆ ಆಗ ಗೊತ್ತಾಯಿತು. ಅವನು ಹೆದರಿರಲಿಲ್ಲ. ಕ್ರಿಸ್ಮಸ್ಸಿಗೆ ಮೊದಲು ಯಾವುದೋ ಗುಡ್ಡದ ಮೇಲೆ ಆ ವ್ಯಾನು ನಿಂತಾಗ ಸ್ಟಿಯರಿಂಗಿನ ಹಿಂದೆ ಮಾಸೊಯೆ ಕೂತಿರುತ್ತಾನೆ. ಲೌಲು ಓಡಿಸುವವರೆಗೆ ಚೆನ್ನಾಗಿತ್ತು ಅನ್ನುತ್ತದೆ ಊರು. ಎಷ್ಟು ಕ್ಷಮೆಗಳನ್ನು ಈ ಮನುಷ್ಯ ಹೀಗೆ ಚೂರಿಯ ಹಾಗೆ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿದ್ದನೋ. ನಾನು ಅವನ ಪರವಾಗಿ ಅಮ್ಮನ ಮಾನ ತೆಗೆದಿದ್ದೆ. ಅವನಿಗೆ ಅದರ ಅಗತ್ಯವೇ ಇರಲಿಲ್ಲ.

ಮಾಸೊಯೆಯನ್ನು ಮುಂದೆ ಕರೆದರು. ಮಗುವನ್ನು ಹೆಂಡತಿಯ ಕೈಗೆ ಕೊಟ್ಟು ಬಂದ. ಒಳ್ಳೆಯ ಹುಡುಗ ಅವನು; ಅವನ ಮಾವನ, ನನ್ನ ಮಾವನ ಲೆಕ್ಕಾಚಾರ ಅವನಿಗೆ ಗೊತ್ತಿತ್ತೋ ಇಲ್ಲವೋ, ಕಿವಿ ಕೆಂಪಾಗಿಸಿಕೊಂಡು ಬೀಗದ ಕೈ ತೆಗೆದುಕೊಂಡ. ಯಾರೋ ಅವನ ಕೊರಳಿಗೆ ಹೂವಿನ ಹಾರ ಹಾಕಿದರು. ಅಯ್ಯನವರು ನನ್ನ ಕಡೆ ನೋಡಿ, ಗಾಡಿ ಈಗ ಪೂರ್ತಿ ಸರಿಯಾಗಿದೆ ತಾನೆ ಮಗಾ, ಅಂತ ಕೇಳಿದರು.

ಸಭೆಯೆಲ್ಲ ತಿರುಗಿತು. ಪ್ಲೇಟು ಸುಟ್ಟಿದೆ ಅಂದರೆ, ಸುಟ್ಟ ಗಾಡಿಯನ್ನು ಹುಡುಗನ ಕೊರಳಿಗೆ ಕಟ್ಟಿದ ಅಂತ ಮಾವನ ಕೋಣೆ ಇವತ್ತೇ ಹೋಗುತ್ತದೆ. ಬಾಗಿಲ ಬಳಿ ಸುಲಾಮಿ ಅತ್ತೆ ನಿಂತಿದ್ದಳು. ಅಣ್ಣಂದಿರ ಮನೆ ತಪ್ಪಿತು ಅಂತ ಅವಳ ಮುಖ ಮದುವೆಯ ಹೆಣ್ಣಿನ ಹಾಗಾಗಿತ್ತು. ಅವಳಿಗೆ ಏನೂ ಗೊತ್ತಿರಲಿಲ್ಲ.

"ಸರಿಯಾಗಿದೆ ಅಯ್ಯನವರೇ," ಅಂದೆ.

ಚಪ್ಪಾಳೆ ತಟ್ಟಿದರು. ನನ್ನ ಹೆಸರನ್ನೂ ಗಟ್ಟಿಯಾಗಿ ಕೂಗಿದರು.

ಹೊರಗೆ ಬಂದು ಚರ್ಚಿನ ಗೋಡೆಯ ಹಿಂದೆ ಉಗುಳುತ್ತಿದ್ದೆ. ಮಾಸೊಯೆ ಹುಡುಕಿಕೊಂಡು ಬಂದ, ಕೊರಳಲ್ಲಿ ಹಾರ ಹಾಗೇ ಇತ್ತು.

"ಅಣ್ಣಾ, ನಾನು ಆಟೋಮ್ಯಾಟಿಕ್ ಅಷ್ಟಾಗಿ ಓಡಿಸಿಲ್ಲ. ಏನಾದ್ರೂ ನೋಡ್ಕೋಬೇಕಾ ಇದ್ರಲ್ಲಿ?"

ಬಾಯಿ ಒರೆಸಿಕೊಂಡು ಅವನ ಮುಖ ನೋಡಿದೆ. ನಿಜವಾಗಿ ತಿಳಿದುಕೊಳ್ಳಲು ಬಂದಿದ್ದ.

"ಗುಡ್ಡ ಹತ್ತುವಾಗ ಮೆಲ್ಲಗೆ ಓಡ್ಸು," ಅಂದೆ.